ಚಾಚಾ ಚೌಧರಿಗೆ ಮರಣವುಂಟೆ?

ಪಾಠಗಳ ನಡುವಣ ಬಿಡುವಿನಲ್ಲಿ ವಿದ್ಯಾರ್ಥಿಗಳಾದ ನಾವು ಹೂಡುವ ವಾದಗಳಲ್ಲಿ ಹೆಚ್ಚಿನವು ಗಂಟೆ ಬಾರಿಸಿದೊಡನೆಯೆ ಮರೆತುಹೋಗುವುವು. ಒಂದು ವಾದ ಮಾತ್ರ ಮನೆ ಸೇರಿದ ಮೇಲೂ ನಮ್ಮ ಮನಸ್ಸನ್ನು ಬಿಡಲಿಲ್ಲ. ಬಹುಕಾಲದಿಂದ ನಡೆದುಬಂದಿರುವ ಚಿತ್ರಕಥೆಯಲ್ಲಿ ವೃದ್ಧರಾದ ಪಾತ್ರಗಳು ಎಂದಾದರೊಂದು ದಿನ ಸಾಯಬೇಕೆ, ಬೇಡವೆ ಎಂಬುದೇ ಆ ವಾದ. ಇದು ಹುಡುಗಾಟದ ಪ್ರಶ್ನೆಯೆಂದು ಹಿರಿಯರು ನಗಬಹುದು. ನಮಗೆ ಹಾಗೆ ತೋರಲಿಲ್ಲ.

ಚಾಚಾ ಚೌಧರಿಯ ಹೆಸರು ಕೇಳದವರು ದೆಹಲಿಯಲ್ಲಿ ವಿರಳ. ಕೆಂಪು ಮುಂಡಾಸು, ಬಿಳಿಯ ಮೀಸೆ, ಕೈಯಲ್ಲೊಂದು ಕೋಲು; ಮೈಯಲ್ಲಿ ಕಸುವಿಲ್ಲದಿದ್ದರೂ ಕಂಪ್ಯೂಟರಿಗಿಂತ ಚುರುಕಾಗಿ ಓಡುವ ಬುದ್ಧಿ. ಬಲಕ್ಕೆಂದು ಗುರುಗ್ರಹದಿಂದ ಬಂದ ಸಾಬು ಜೊತೆಗಿದ್ದಾನೆ. ಅವನಿಗೆ ಕೋಪ ಬಂದರೆ ದೂರದಲ್ಲೆಲ್ಲೊ ಜ್ವಾಲಾಮುಖಿ ಸಿಡಿಯುತ್ತದೆ. ಅಂಥ ದೈತ್ಯನನ್ನು ಭೂಮಿಯಲ್ಲಿ ನಿಲ್ಲಿಸಿಕೊಂಡುದು ಚಾಚಿ ಬೀನಿಯ ಕೈಯಡಿಗೆ. ಇವರನ್ನೆಲ್ಲ ಸೃಷ್ಟಿಸಿದವರು ಪ್ರಾಣ್ ಕುಮಾರ್ ಶರ್ಮಾ. ಲಾಹೋರಿನ ಬಳಿಯ ಕಸೂರಿನಲ್ಲಿ 1938ರಲ್ಲಿ ಹುಟ್ಟಿದ ಅವರು 1960ರಲ್ಲಿ ದೆಹಲಿಯ 'ಮಿಲಾಪ್' ಪತ್ರಿಕೆಗೆ ಚಿತ್ರ ಬರೆಯತೊಡಗಿದರು. 1971ರ ಸುಮಾರಿಗೆ 'ಲೋಟ್‌ಪೋಟ್' ಎಂಬ ಹಿಂದಿ ಮಕ್ಕಳ ಪತ್ರಿಕೆಗಾಗಿ ಚಾಚಾನನ್ನು ರೂಪಿಸಿದರು. ಪರದೇಶದ ವೀರರೆಲ್ಲ ತರುಣರೂ ಬಲಿಷ್ಠರೂ ಆಗಿದ್ದಾಗ ಇವರು ಒಬ್ಬ ಮುದುಕನನ್ನು ಕಥಾನಾಯಕನನ್ನಾಗಿ ಮಾಡಿದರು. ಮನೆಯ ಹಿರಿಯನ ಮಾತಿಗೆ ಬೆಲೆಯುಳ್ಳ ನಾಡು ಅವನನ್ನು ಕೂಡಲೆ ತನ್ನವನೆಂದು ಒಪ್ಪಿಕೊಂಡಿತು.

ಪ್ರಾಣ್ ಅವರು 2014ರ ಆಗಸ್ಟ್ ತಿಂಗಳಲ್ಲಿ ತೀರಿಕೊಂಡರು. ಮರುವರ್ಷ ಮರಣೋತ್ತರವಾಗಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಚಾಚಾ ಮಾತ್ರ ಉಳಿದನು. 2021ರಲ್ಲಿ ಸರಕಾರವು ಗಂಗಾನದಿಯ ಶುದ್ಧೀಕರಣದ 'ನಮಾಮಿ ಗಂಗೆ' ಕಾರ್ಯಕ್ರಮಕ್ಕೆ ಅವನನ್ನೇ ಲಾಂಛನವನ್ನಾಗಿ ಆರಿಸಿತು. ಬರೆದವರು ಹೊರಟುಹೋದರು, ಬರೆಸಿಕೊಂಡ ಮುದುಕ ಹಾಗೆಯೆ ನಿಂತಿದ್ದಾನೆ.

ನಮ್ಮಲ್ಲಿ ಕೆಲವರು ಹೀಗೆಂದರು: ಹುಟ್ಟಿದವರೆಲ್ಲ ಸಾಯತಕ್ಕವರೇ, ಸಾಯದ ಮುದುಕರನ್ನು ತೋರಿಸುವುದು ಮಕ್ಕಳಿಗೆ ಸುಳ್ಳು ಹೇಳಿದಂತೆ. ನಾಯಕನನ್ನು ಕಳೆದುಕೊಳ್ಳಲು ಮನಸ್ಸಿಲ್ಲದಿದ್ದರೆ ಚಾಚಿಯಾದರೂ ಸಾಯಲಿ, ಕಥೆಗೆ ಗಾಂಭೀರ್ಯ ಬರುತ್ತದೆ. ಇನ್ನು ಕೆಲವರು, ಮಕ್ಕಳ ಪುಸ್ತಕದಲ್ಲಿ ಸಾವಿನ ಮಾತೇ ಕೂಡದು, ಎಳೆಯ ಮನಸ್ಸು ಅದನ್ನು ತಾಳಲಾರದು ಎಂದರು. ಈ ಎರಡು ವಾದಗಳನ್ನೂ ನಾವು ಒಪ್ಪಲಾರೆವು.

ಎಳೆಯ ಮನಸ್ಸಿನ ಮಾತನ್ನು ಮೊದಲು ನೋಡೋಣ. 1967ರಲ್ಲಿ 'ಅಮರ ಚಿತ್ರಕಥೆ'ಯನ್ನು ಆರಂಭಿಸಿದ ಅನಂತ ಪೈಗಳು ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ದೆಹಲಿಯಲ್ಲಿ ದೂರದರ್ಶನದ ಪ್ರಶ್ನೋತ್ತರ ಸ್ಪರ್ಧೆಯೊಂದರಲ್ಲಿ, ಗ್ರೀಕ್ ಪುರಾಣವನ್ನು ಬಲ್ಲ ಮಕ್ಕಳು ರಾಮನ ತಾಯಿಯ ಹೆಸರನ್ನು ಹೇಳಲಾರದೆ ಹೋದುದನ್ನು ಕಂಡು ಈ ಕಾರ್ಯಕ್ಕೆ ಮನಸ್ಸು ಮಾಡಿದೆನೆಂದು ಅವರು ಹೇಳುತ್ತಿದ್ದರು. ಅವರ ಮಾಲೆಯಲ್ಲಿ ಭೀಷ್ಮನ ಕಥೆಯೂ ಇದೆ. ಬಾಣಗಳ ಮೇಲೆ ಒರಗಿದ ಅಜ್ಜನನ್ನು ಅವರು ಮಕ್ಕಳ ಕಣ್ಣಿಗೆ ಮರೆಮಾಡಲಿಲ್ಲ. ಪಂಪ, ರನ್ನ, ಕುಮಾರವ್ಯಾಸರೂ ನಮ್ಮನ್ನು ಆ ಶರಶಯ್ಯೆಯ ಬಳಿಗೆ ಕರೆದೊಯ್ದವರೇ. ಅಜ್ಜ ಮಲಗಿದ್ದನೆಂದು ಜನ ನಂಬುವ ಕುರುಕ್ಷೇತ್ರವು ದೆಹಲಿಯಿಂದ ಕೆಲವೇ ಗಂಟೆಗಳ ರೈಲುದಾರಿ. ಆ ಕಥೆಯನ್ನು ಓದಿ ನಾವು ಬೆದರಲಿಲ್ಲ. ಏಕೆಂದರೆ ಆ ಸಾವು ಭೀಷ್ಮನದೇ ಆಗಿತ್ತು. ಅವನು ತನ್ನ ವ್ರತಕ್ಕೆ ತಕ್ಕಂತೆ ಬಿದ್ದನು, ಉತ್ತರಾಯಣಕ್ಕೆ ಕಾದನು, ಮೊಮ್ಮಗನಾದ ಧರ್ಮರಾಯನಿಗೆ ತಿಳಿದುದನ್ನೆಲ್ಲ ಹೇಳಿ ಹೊರಟನು.

ಇನ್ನು ಗಾಂಭೀರ್ಯಕ್ಕಾಗಿ ಒಬ್ಬರನ್ನು ಕೊಲ್ಲುವ ಮಾತು. ಇದನ್ನು ಅಮೆರಿಕದವರು ಮಾಡಿ ನೋಡಿದ್ದಾರೆ. 1962ರಲ್ಲಿ ಮೊದಲು ಕಾಣಿಸಿಕೊಂಡ ಸ್ಪೈಡರ್‌ಮ್ಯಾನ್ ತಬ್ಬಲಿ ಹುಡುಗ. ಅವನನ್ನು ಸಾಕಿದವರು ದೊಡ್ಡಪ್ಪ ಬೆನ್, ದೊಡ್ಡಮ್ಮ ಮೇ. ಮೊದಲನೆಯ ಕಥೆಯಲ್ಲಿಯೆ ಬೆನ್ ಕಳ್ಳನೊಬ್ಬನ ಕೈಯಿಂದ ಸತ್ತನು. ತಾನು ತಡೆಯಬಹುದಾಗಿದ್ದ ಕಳ್ಳನನ್ನು ಉದಾಸೀನದಿಂದ ಬಿಟ್ಟುದರ ಫಲ ಅದೆಂದು ಹುಡುಗನು ಅರಿತನು. ಆ ಸಾವಿಗೆ ಅರ್ಥವಿತ್ತು. ಮುಂದೆ 1995ರಲ್ಲಿ, 400ನೆಯ ಸಂಚಿಕೆಯಲ್ಲಿ, ಮೇ ದೊಡ್ಡಮ್ಮನೂ ಕಣ್ಣುಮುಚ್ಚಿದಳು. ಆದರೆ 1998ರಲ್ಲಿ, ಸತ್ತವಳು ಅವಳಲ್ಲ, ಅವಳ ವೇಷ ಧರಿಸಿದ್ದ ನಟಿ ಎಂದು ಬರೆದು ದೊಡ್ಡಮ್ಮನನ್ನು ಮರಳಿ ಕರೆತಂದರು. ಹಾಗಾದರೆ ಅತ್ತವರ ಕಣ್ಣೀರಿಗೆ ಬೆಲೆಯೇನು? ಮುದುಕಿಯ ಸಾವನ್ನು ಬೇಕೆಂದಾಗ ತೊಡಿಸಿ ಬೇಡವೆಂದಾಗ ಕಳಚುವ ಒಡವೆಯನ್ನಾಗಿ ಮಾಡಿದಂತಾಯಿತಲ್ಲವೆ?

ಚಾಚಾ ಸಾಯದಿರುವುದು ಸುಳ್ಳೆಂಬ ಆಕ್ಷೇಪವೂ ನಿಲ್ಲುವುದಿಲ್ಲ. ಆ ಕಥೆಗಳಲ್ಲಿ ಅಮರನೆಂದು ಹೆಸರಾದವನು ವೈದ್ಯ ಚಕ್ರಮಾಚಾರ್ಯನ ಔಷಧವನ್ನು ಕುಡಿದ ದರೋಡೆಕೋರ ರಾಕಾ. ಪ್ರಾಣ್ ಅವರು ಅಮರತ್ವವನ್ನು ವರವೆಂದು ತೋರಿಸಲಿಲ್ಲ. ದುಷ್ಟನ ಕೈಗೆ ಸಿಕ್ಕಿ ಲೋಕಕ್ಕೆ ಪೀಡೆಯಾಯಿತೆಂದು ತೋರಿಸಿದರು. ಚಾಚಾನಾದರೋ ಅಮರನಲ್ಲ. ಅವನ ಒಂದೊಂದು ಕಥೆಯೂ ಕೆಲವು ಪುಟಗಳಲ್ಲಿ ಹುಟ್ಟಿ ಮುಗಿಯುತ್ತದೆ. ತೆನಾಲಿ ರಾಮಕೃಷ್ಣನ ಕಥೆ ಹೇಳುವಾಗ ಅವನಿಗೀಗ ವಯಸ್ಸೆಷ್ಟೆಂದು ನಾವು ಕೇಳುತ್ತೇವೆಯೆ? ಇದೂ ಹಾಗೆಯೆ.

ದೆಹಲಿಯಲ್ಲಿ ಬೆಳೆಯುವ ಕನ್ನಡ ಮಕ್ಕಳಿಗೆ ಈ ಪ್ರಶ್ನೆ ಇನ್ನೊಂದು ಕಾರಣದಿಂದ ಹತ್ತಿರವಾದುದು. ನಮ್ಮಲ್ಲಿ ಅನೇಕರ ಅಜ್ಜ ಅಜ್ಜಿಯರು ಊರಿನಲ್ಲಿದ್ದಾರೆ. ಬೇಸಗೆಯ ರಜೆಯಲ್ಲಿ, ಎರಡು ರಾತ್ರಿ ರೈಲಿನಲ್ಲಿ ಕಳೆದು ಊರು ಸೇರಿದರೆ, ಅದೇ ಜಗಲಿ, ಅದೇ ಕನ್ನಡಕ, ಎಷ್ಟು ಎತ್ತರವಾದೆಯೋ ಎಂಬ ಅದೇ ಮಾತು. ಅವರೂ ಚಿತ್ರಕಥೆಯ ಪಾತ್ರಗಳಂತೆ ಎಂದೆಂದಿಗೂ ಹೀಗೆಯೆ ಇರುವರೆಂದು ನಾವು ತಿಳಿಯುತ್ತೇವೆ. ನಡುವಣ ತಿಂಗಳುಗಳಲ್ಲಿ ಅವರಿಗೆ ವಯಸ್ಸಾಗುವುದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಒಂದು ದಿನ ಫೋನು ಬರುತ್ತದೆ. ತಂದೆಯವರು ಅವಸರದಿಂದ ಹೊರಡುತ್ತಾರೆ. ಪರೀಕ್ಷೆಯಿದೆಯೆಂದೂ ಎಳೆಯ ಮನಸ್ಸೆಂದೂ ಹೇಳಿ ಮಕ್ಕಳನ್ನು ಇಲ್ಲಿಯೆ ಬಿಡುತ್ತಾರೆ. ಮುಂದಿನ ರಜೆಗೆ ಹೋದಾಗ ಜಗಲಿಯ ಕುರ್ಚಿ ಬರಿದಾಗಿರುತ್ತದೆ. ಆ ಸಾವನ್ನು ಮೂರು ವರ್ಷದ ಮೇಲೆ ಯಾರೂ ತಿದ್ದಿ ಬರೆಯಲಾರರು.

ಆದುದರಿಂದ ನಮ್ಮ ಅಭಿಪ್ರಾಯವಿದು: ಚಾಚಾ ಚಾಚಿಯರು ಬದುಕಿರಲಿ. ವಯಸ್ಸಾಯಿತೆಂಬ ಕಾರಣಕ್ಕೆ, ಅಥವಾ ಪ್ರತಿಗಳು ಹೆಚ್ಚು ಮಾರಲೆಂದು, ಕಥೆಯಲ್ಲಿಯೂ ಹಿರಿಯರನ್ನು ಕೊಲ್ಲಬಾರದು. ಅವರಿಗೆ ಮರಣವನ್ನು ಬರೆಯಲೇಬೇಕೆಂದು ಯಾವ ಕಲಾವಿದನಿಗಾದರೂ ತೋರಿದರೆ, ಅವರು ಹೇಳಬೇಕಾದುದನ್ನು ಹೇಳಗೊಡಲಿ, ಉಳಿದವರಿಗೆ ಅಳಲು ಪುಟಗಳನ್ನು ಕೊಡಲಿ, ಬರೆದ ಮೇಲೆ ಹಿಂದೆಗೆಯದಿರಲಿ. ಅದನ್ನು ತಾಳುವ ಶಕ್ತಿ ಮಕ್ಕಳಿಗಿದೆ.

ಸಹಪಾಠಿಗಳಲ್ಲಿ ಕೊನೆಯದೊಂದು ಮಾತು. ಪುಸ್ತಕದ ಮುದುಕರು ನಾವು ಪುಟ ತೆರೆಯುವವರೆಗೂ ಕಾಯುತ್ತಾರೆ. ಊರಿನಲ್ಲಿರುವವರಿಗೆ ಅಷ್ಟು ಕಾಲವಿಲ್ಲ. ಇಂದು ಸಂಜೆಯೆ ಅವರೊಡನೆ ನಾಲ್ಕು ಮಾತನಾಡೋಣ. ಅವರು ಹೇಳಬೇಕೆಂದಿರುವುದನ್ನು ಕೇಳೋಣ.