ಬಸುರಿಯ ಮಾತ್ರೆಗೆ ಕನ್ನಡ ಬಾರದೇ?



ನಿಮ್ಮ ಮನೆಯಲ್ಲಿ ಅಕ್ಕನೋ ಅತ್ತಿಗೆಯೋ ಹೆಂಡತಿಯೋ ಬಸುರಿಯಾಗಿದ್ದರೆ, ಆಕೆ ನುಂಗುವ ಮಾತ್ರೆಯ ಡಬ್ಬಿಯನ್ನು ಒಮ್ಮೆ ಬಿಚ್ಚಿ ನೋಡಿ. ಒಳಗೆ ಮಾಹಿತಿಯ ಹಾಳೆ ಇದ್ದರೆ ನಿಮ್ಮ ಪುಣ್ಯ. ಮೆಡಿಕಲ್ ಷಾಪಿನವನು ಪಟ್ಟಿ ಕತ್ತರಿಸಿ ಕೊಟ್ಟಿದ್ದರೆ ಅದೂ ಇಲ್ಲ. ಇದ್ದರೂ ದಿನವಿಡೀ ಅಕ್ಷರದ ನಡುವೆ ಬದುಕುವ ನನ್ನಂಥ ಮುದ್ರಕನೇ ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣ ಅಚ್ಚು. ಅದೂ ಇಂಗ್ಲಿಷಿನಲ್ಲಿ!

ಆಕೆಗೆ ತಿಳಿಯಲೇಬೇಕಾದ ಸಂಗತಿ ಏನು ಗೊತ್ತೇ? ಬಸುರಿನಲ್ಲಿ ದೇಹವು ಔಷಧಿಯನ್ನು ಅರಗಿಸಿ ಹೊರಹಾಕುವ ರೀತಿಯೇ ಬದಲಾಗುತ್ತದೆ. ರಕ್ತದ ನೀರಿನಂಶ ಶೇಕಡಾ 40ರಿಂದ 50ರಷ್ಟು ಏರುತ್ತದೆ. ಮಸಿಗೆ ಎಣ್ಣೆ ಹೆಚ್ಚಾದರೆ ಅಚ್ಚು ಪೇಲವವಾಗುವಂತೆ ಔಷಧಿಯ ಸಾರವೂ ತೆಳುವಾಗಬಹುದು. ಕಿಡ್ನಿಗಳು ಮೊದಲಿಗಿಂತ ಸುಮಾರು ಅರ್ಧದಷ್ಟು ಹೆಚ್ಚು ಸೋಸುತ್ತವೆ. ಹಾಗಾಗಿ ಅಮಾಕ್ಸಿಸಿಲಿನ್, ಲಿಥಿಯಂನಂಥ ಔಷಧಿಗಳು ಬೇಗ ಹೊರಹೋಗುತ್ತವೆ. ಲಿವರ್ ಕೆಲವು ಔಷಧಿಗಳನ್ನು ಬೇಗ ಕರಗಿಸುತ್ತದೆ, ಕೆಲವನ್ನು ತಡವಾಗಿ. ಕಾಫಿಯ ಕೆಫೀನ್ ಕೂಡ ಕೊನೆಯ ತಿಂಗಳುಗಳಲ್ಲಿ ಹಲವು ಗಂಟೆ ಹೆಚ್ಚಿಗೆ ರಕ್ತದಲ್ಲಿ ಉಳಿಯುತ್ತದೆ.

ಇದು ಬರೀ ಪುಸ್ತಕದ ಮಾತಲ್ಲ. ಫಿಟ್ಸ್‌ಗೆ ಲ್ಯಾಮೋಟ್ರಿಜಿನ್ ನುಂಗುವ ಹೆಣ್ಣುಮಗಳು ಬಸುರಾದಾಗ ರಕ್ತದಲ್ಲಿ ಆ ಔಷಧಿಯ ಪ್ರಮಾಣ ಅರ್ಧಕ್ಕೂ ಕೆಳಗೆ ಇಳಿಯಬಹುದು. ಮಾತ್ರೆ ತಪ್ಪಿಸದಿದ್ದರೂ ಫಿಟ್ಸ್ ಬರಬಹುದು. ಥೈರಾಯ್ಡ್ ಕೊರತೆ ಇದ್ದವಳಿಗೆ ಥೈರಾಕ್ಸಿನ್ ಸಾಮಾನ್ಯವಾಗಿ ಶೇಕಡಾ 25ರಿಂದ 50ರಷ್ಟು ಹೆಚ್ಚಿಗೆ ಬೇಕು. ಹೆರಿಗೆಯಾದ ಮೇಲೆ ಮತ್ತೆ ಇಳಿಸಬೇಕು. ಇದನ್ನು ಆಕೆಗೆ ಆಕೆಯ ಭಾಷೆಯಲ್ಲಿ ಹೇಳಿದವರು ಯಾರು?

ಔಷಧಿಯ ಲೋಕ ಬಸುರಿಯನ್ನು ಹೊರಗಿಟ್ಟದ್ದು ಇಂದು ನಿನ್ನೆಯಲ್ಲ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೋಮೈಡ್ 1961ರಲ್ಲಿ ಹಿಂದೆ ಸರಿಯುವ ಹೊತ್ತಿಗೆ ಸಾವಿರಾರು ಕೂಸುಗಳ ಕೈಕಾಲು ಮುರುಟಿದ್ದವು. ಸರಿಯಾಗಿ ಪರೀಕ್ಷಿಸಿ ಕೊಡಬೇಕೆಂಬುದು ಅದರ ಪಾಠವಾಗಬೇಕಿತ್ತು. ಆದರೆ ಅಮೆರಿಕದ ಔಷಧ ಇಲಾಖೆ 1977ರಲ್ಲಿ ಮಾಡಿದ್ದೇನು? ಬಸುರಾಗಬಹುದಾದ ಹೆಂಗಸರನ್ನೇ ಮೊದಲ ಹಂತದ ಪ್ರಯೋಗಗಳಿಂದ ದೂರವಿಡಿ ಎಂದಿತು. ಅದನ್ನು ಹಿಂತೆಗೆದುಕೊಂಡದ್ದು 1993ರಲ್ಲಿ. ಕೋವಿಡ್ ಲಸಿಕೆಯ ಮೊದಲ ಪ್ರಯೋಗಗಳಲ್ಲೂ ಬಸುರಿಯರಿಗೆ ಜಾಗವಿರಲಿಲ್ಲ. ನಮ್ಮ ದೇಶದಲ್ಲಿ ಅವರಿಗೆ ಲಸಿಕೆ ಸಿಕ್ಕಿದ್ದು 2021ರ ಜುಲೈಯಲ್ಲಿ. ಪ್ರಯೋಗದಿಂದ ದೂರವಿಟ್ಟರೆ ರಕ್ಷಿಸಿದಂತಲ್ಲ. ಆಸ್ಪತ್ರೆಯಲ್ಲಿ ಅಂದಾಜಿನ ಡೋಸ್ ನುಂಗುವವಳು ಅವಳೇ ತಾನೆ?

ಹಾಗೆಂದು ಹೆದರಿ ಮಾತ್ರೆ ಎಸೆಯಬೇಡಿ, ನೀವೇ ಒಂದು ಹೆಚ್ಚಿಗೆ ನುಂಗಲೂಬೇಡಿ! ವಾಲ್‌ಪ್ರೋಯೇಟ್‌ನಂಥ ಫಿಟ್ಸ್ ಔಷಧಿ ಹೊಟ್ಟೆಯಲ್ಲಿರುವ ಕೂಸಿಗೆ ಹಾನಿ ಮಾಡಬಲ್ಲದು, ನಿಜ. ಆದರೆ ಏಕಾಏಕಿ ನಿಲ್ಲಿಸಿದರೆ ತಾಯಿಯ ಜೀವಕ್ಕೇ ಕುತ್ತು. ಬಸುರಾಗುವ ಮೊದಲೇ ಡಾಕ್ಟರನ್ನು ಕಂಡು ಬದಲಿಸಿಕೊಳ್ಳಬೇಕು. ಡಾಕ್ಟರ ಮುಂದೆ ಕುಳಿತಾಗ ಸಂಕೋಚ ಬಿಟ್ಟು ಕನ್ನಡದಲ್ಲೇ ಕೇಳಿ: ಈ ಡೋಸ್ ಬಸುರಿಗೆ ಸಾಕೇ? ರಕ್ತ ಪರೀಕ್ಷೆ ಎಷ್ಟು ವಾರಕ್ಕೊಮ್ಮೆ? ಹೆರಿಗೆಯ ಮೇಲೆ ಯಾವಾಗ ಇಳಿಸಬೇಕು?

ತಾಯಿ ಕಾರ್ಡನ್ನು ಸರ್ಕಾರ ಕನ್ನಡದಲ್ಲಿ ಅಚ್ಚು ಹಾಕಿಸಿ ಹಳ್ಳಿ ಹಳ್ಳಿಗೆ ಮುಟ್ಟಿಸುತ್ತದೆ. ಕೋಟಿಗಟ್ಟಲೆ ವ್ಯಾಪಾರ ಮಾಡುವ ಕಂಪನಿಗಳಿಗೆ ಒಂದು ಹಾಳೆ ಕನ್ನಡದಲ್ಲಿ ಅಚ್ಚು ಹಾಕಲು ಏನು ಕಷ್ಟ? ಕಾಗದ, ಮಸಿ, ಮಷೀನಿನ ದರ ಬಲ್ಲವನಾಗಿ ಹೇಳುತ್ತೇನೆ, ಒಂದು ಡಬ್ಬಿಗೆ ಅದರ ಖರ್ಚು ಪೈಸೆಗಳ ಲೆಕ್ಕ.

ಅಂಗಡಿಯ ಬೋರ್ಡಿನಲ್ಲಿ ಕನ್ನಡ ಕೇಳಿ ಬೀದಿಗಿಳಿದವರು ನಾವು. ಬಸುರಿಯ ಕೈಯಲ್ಲಿರುವ ಡಬ್ಬಿಯೊಳಗೂ ಕನ್ನಡ ಕೇಳೋಣ. ನಿಮ್ಮ ಬಡಾವಣೆಯ ಮೆಡಿಕಲ್ ಷಾಪಿನಲ್ಲಿ, ನಿಮ್ಮ ಶಾಸಕರ ಕಚೇರಿಯಲ್ಲಿ, ಔಷಧ ನಿಯಂತ್ರಕರ ಬಾಗಿಲಲ್ಲಿ ನಾಳೆಯೇ ಕೇಳಿ!