ಏಳು ಕೆಜಿ ಯಾರ ಲೆಕ್ಕ?

1/9
ಫ್ರೆಂಡ್ಸ್, ಇದು ಒಂಬತ್ತು ಪೋಸ್ಟ್‌ಗಳ ಸರಣಿ. ಉದ್ದ ಇದೆ, ಗೊತ್ತು. ಆದ್ರೂ ಓದಿ. ನಮ್ಮ ಕ್ಲಾಸ್‌ನಲ್ಲೇ ಮೂರು ಜನ ಮಾಸ್ಟರ್ಸ್‌ಗೆ ಹೊರದೇಶದ ಯೂನಿವರ್ಸಿಟಿಗಳಿಗೆ ಅರ್ಜಿ ಹಾಕ್ತಿದ್ದಾರೆ. ಉಳಿದವರಲ್ಲಿ ಎಷ್ಟೋ ಜನರ ಅಕ್ಕನೋ ಅಣ್ಣನೋ ಆಗ್ಲೇ ಅಲ್ಲಿದ್ದಾರೆ. ಅವರನ್ನ ನೋಡೋಕೆ ಇವತ್ತಲ್ಲ ನಾಳೆ ಅಪ್ಪ ಅಮ್ಮ ಮೊದಲ ಸಲ ವಿಮಾನ ಹತ್ತಬೇಕು.

ವಿಷಯ: ವಿಮಾನದೊಳಗೆ ನಾವೇ ಹಿಡ್ಕೊಂಡು ಹೋಗೋ ಕ್ಯಾಬಿನ್ ಬ್ಯಾಗ್. ಇದಕ್ಕೆ ಬಹಳಷ್ಟು ಏರ್‌ಲೈನ್‌ಗಳಲ್ಲಿ ಎಕಾನಮಿಯವರಿಗೆ 7 ಕೆಜಿ ಮಿತಿ. ಒಂದು ಗಂಟೆಯ ಪ್ರಯಾಣಕ್ಕೂ ಅಷ್ಟೇ, ಇಪ್ಪತ್ತು ಗಂಟೆಯ ಪ್ರಯಾಣಕ್ಕೂ ಅಷ್ಟೇ.

ನನ್ನ ವಾದ ಇಷ್ಟೇ. ಈ 7 ಕೆಜಿ ಸುರಕ್ಷತೆಯ ಹೆಸರು ಹೇಳ್ಕೊಂಡು ಓಡಾಡ್ತಿರೋ ಬೆಲೆಪಟ್ಟಿ. ಬೆಲೆಪಟ್ಟಿ ಅಂತ ಬಾಯಿಬಿಟ್ಟು ಹೇಳಲಿ, ನಾವೂ ವ್ಯಾಪಾರಕ್ಕೆ ಕೂರ್ತೀವಿ. ರೂಲ್ಸು ಅಂತ ಗದರಿಸೋದು ಬೇಡ.

2/9
ಮೊದಲು ನಾನು ಒಪ್ಪೋ ನಿಯಮಗಳನ್ನ ಹೇಳಿಬಿಡ್ತೀನಿ. ಇಲ್ಲಾಂದ್ರೆ "ಇವನಿಗೆ ಸೇಫ್ಟಿ ಬೇಡ್ವಂತೆ" ಅಂತ ಕಾಮೆಂಟ್ ಬರುತ್ತೆ.

100 ಎಂಎಲ್‌ಗಿಂತ ದೊಡ್ಡ ಬಾಟಲಿಯಲ್ಲಿ ದ್ರವ ಒಯ್ಯಬಾರದು. 2006ರ ಆಗಸ್ಟ್‌ನಲ್ಲಿ ದ್ರವ ಸ್ಫೋಟಕದಿಂದ ಅಟ್ಲಾಂಟಿಕ್ ದಾಟೋ ವಿಮಾನಗಳನ್ನ ಉಡಾಯಿಸೋ ಸಂಚು ಲಂಡನ್‌ನಲ್ಲಿ ಸಿಕ್ಕಿಬಿತ್ತು. ಈ ನಿಯಮ ಹುಟ್ಟಿದ್ದು ಅದರ ನಂತರ.

ಪವರ್ ಬ್ಯಾಂಕ್ ಚೆಕ್‌ಇನ್ ಬ್ಯಾಗ್‌ನಲ್ಲಿ ಇಡಬಾರದು, ಕ್ಯಾಬಿನ್‌ಗೇ ತರಬೇಕು. ಲಿಥಿಯಂ ಬ್ಯಾಟರಿ ಹೊತ್ಕೊಂಡ್ರೆ ಕ್ಯಾಬಿನ್‌ನಲ್ಲಿ ಸಿಬ್ಬಂದಿ ಆರಿಸಬಹುದು, ಕೆಳಗಿನ ಲಗೇಜು ಕೋಣೆಯಲ್ಲಿ ಅದನ್ನ ನೋಡೋರು ಯಾರು? ಮಿತಿ 100 ವ್ಯಾಟ್ ಅವರ್. ನಮ್ಮ ಮಾಮೂಲಿ 20,000 ಎಂಎಎಚ್ ಪವರ್ ಬ್ಯಾಂಕ್ ಅಂದ್ರೆ ಸುಮಾರು 74.

ತಿಪಟೂರಿನ ಗೆಳೆಯರೇ, ಬೇಜಾರಾಗಬೇಡಿ: ಒಣ ಕೊಬ್ಬರಿ ಅಪಾಯಕಾರಿ ಸರಕಿನ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. ನಂಬರ್ ಯುಎನ್ 1363. ಎಣ್ಣೆ ಅಂಶ ಇರೋದ್ರಿಂದ ತಾನಾಗೇ ಬಿಸಿಯಾಗಿ ಉರಿಯಬಹುದು ಅಂತ.

ಮೂರಕ್ಕೂ ಕಾರಣ ಇದೆ. ಇನ್ನೊಂದು ವಿಷಯ ಗಮನಿಸಿ. ಮೂರೂ ಟಿಕೆಟ್ ನೋಡಲ್ಲ. ಬಿಸಿನೆಸ್ ಕ್ಲಾಸ್ ಸಾಹೇಬ್ರಿಗೂ 300 ಎಂಎಲ್ ಶಾಂಪೂ ಬಿಡಲ್ಲ. ಸುರಕ್ಷತೆಯ ನಿಯಮಕ್ಕೆ ಇದೇ ಗುರುತು: ಅದು ಎಲ್ಲರಿಗೂ ಒಂದೇ.

3/9
ಈಗ ಕೆಜಿಗೆ ಬನ್ನಿ. ಏರ್‌ಲೈನ್‌ಗಳೇ ಪ್ರಕಟಿಸಿರೋ ಲೆಕ್ಕ ಇದು. ಆಗಾಗ ಬದಲಾಗುತ್ತೆ, ಟಿಕೆಟ್ ತಗೊಳ್ಳೋ ದಿನ ನೀವೂ ಒಮ್ಮೆ ನೋಡ್ಕೊಳ್ಳಿ.

ಎಮಿರೇಟ್ಸ್: ಎಕಾನಮಿಗೆ 7, ಬಿಸಿನೆಸ್‌ಗೆ ಎರಡು ಬ್ಯಾಗ್, ತಲಾ 7.
ಕತಾರ್ ಏರ್‌ವೇಸ್: ಎಕಾನಮಿಗೆ 7, ಬಿಸಿನೆಸ್‌ಗೆ ಎರಡೂ ಸೇರಿ 15.
ಲುಫ್ತಾನ್ಸಾ: ಎಕಾನಮಿಗೆ 8, ಬಿಸಿನೆಸ್‌ಗೆ ಎರಡು, ತಲಾ 8.
ಏರ್ ಇಂಡಿಯಾ: ಎಕಾನಮಿಗೆ 7, ಬಿಸಿನೆಸ್‌ಗೆ 10.
ಏರ್ ಫ್ರಾನ್ಸ್: ಎಕಾನಮಿಯಲ್ಲೇ ಬ್ಯಾಗು, ಕೈಚೀಲ ಎಲ್ಲ ಸೇರಿ 12.
ಬ್ರಿಟಿಷ್ ಏರ್‌ವೇಸ್: ಎಕಾನಮಿಯಲ್ಲೇ 23 ಕೆಜಿವರೆಗೆ. ಮೇಲಕ್ಕೆ ನೀವೇ ಎತ್ತಿಡಬೇಕು, ಅಷ್ಟೇ.
ಅಮೆರಿಕನ್ ಏರ್‌ಲೈನ್ಸ್: ಅಳತೆಗೆ ಮಿತಿ ಇದೆ, ತೂಕಕ್ಕೆ ಇಲ್ಲ.

ಬೋಯಿಂಗ್ 777-300ಇಆರ್ ಅನ್ನೋ ಒಂದೇ ಮಾದರಿಯ ವಿಮಾನ ಎಮಿರೇಟ್ಸ್ ಹತ್ರಾನೂ ಇದೆ, ಬ್ರಿಟಿಷ್ ಏರ್‌ವೇಸ್ ಹತ್ರಾನೂ ಇದೆ, ಅಮೆರಿಕನ್ ಹತ್ರಾನೂ ಇದೆ. ಒಬ್ಬರ ವಿಮಾನದಲ್ಲಿ 7 ದಾಟಿದ್ರೆ ತಪ್ಪು, ಇನ್ನೊಬ್ಬರ ವಿಮಾನದಲ್ಲಿ 23 ಆದ್ರೂ ಸರಿ. ವಿಮಾನ ಅದೇ, ಆಕಾಶ ಅದೇ. ಬದಲಾಗಿದ್ದು ಕಂಪನಿ.

ನಮ್ಮ ದೇಶದಲ್ಲಿ ಭದ್ರತೆ ನೋಡ್ಕೊಳ್ಳೋ ಬಿಸಿಎಎಸ್, "ಒಬ್ಬರಿಗೆ ಒಂದೇ ಕೈಬ್ಯಾಗ್" ಅಂತ ಹೇಳುತ್ತೆ. ತಪಾಸಣೆಯ ಸಾಲು ಬೇಗ ಸಾಗಲಿ ಅಂತ. ಅದನ್ನೂ ಒಪ್ತೀನಿ. ಆದ್ರೆ ಎಕ್ಸ್‌ರೇ ಮೆಷಿನ್‌ಗೆ ಮುಂದಿನ ಸೀಟಿನವರ 10 ಕೆಜಿ ಬ್ಯಾಗಿಂದ ತೊಂದರೆ ಇಲ್ಲ ಅಂದ್ಮೇಲೆ, ಹಿಂದಿನ ಸೀಟಿನವರ 10 ಕೆಜಿ ಬ್ಯಾಗಿಂದ ಏನು ತೊಂದರೆ?

4/9
ಬಿಕಾಂ ಓದ್ತಿದ್ದೀನಲ್ಲ, ಒಂದು ಲೆಡ್ಜರ್ ಬರೀತೀನಿ. ಹೊರದೇಶಕ್ಕೆ ಓದೋಕೆ ಹೊರಟ ಒಬ್ಬ ಹುಡುಗಿಯ ಕ್ಯಾಬಿನ್ ಬ್ಯಾಗ್.

ಓಪನಿಂಗ್ ಬ್ಯಾಲೆನ್ಸ್: 7 ಕೆಜಿ.
ಖಾಲಿ ಟ್ರಾಲಿಯ ತೂಕ: 2.5. ಉಳಿದಿದ್ದು 4.5.
ಲ್ಯಾಪ್‌ಟಾಪ್, ಚಾರ್ಜರ್: 2. ಉಳಿದಿದ್ದು 2.5.
ಒರಿಜಿನಲ್ ಮಾರ್ಕ್ಸ್ ಕಾರ್ಡ್, ವೀಸಾ, ಬ್ಯಾಂಕ್ ಕಾಗದಗಳ ಫೈಲ್: ಅರ್ಧ. ಉಳಿದಿದ್ದು 2.
ಅಲ್ಲಿ ಇಳಿದ ಕೂಡಲೇ ಹಾಕ್ಕೊಳ್ಳೋಕೆ ಚಳಿ ಜಾಕೆಟ್: 1. ಉಳಿದಿದ್ದು 1.
ಮಾತ್ರೆ, ಪವರ್ ಬ್ಯಾಂಕ್, ಕನ್ನಡಕ, ಬ್ರಷ್ಷು: ಅರ್ಧ.
ಕ್ಲೋಸಿಂಗ್ ಬ್ಯಾಲೆನ್ಸ್: ಅರ್ಧ ಕೆಜಿ.

ಆ ಅರ್ಧ ಕೆಜಿಯಲ್ಲಿ ಒಂದು ಜೊತೆ ಬಟ್ಟೆ, ಅಮ್ಮ ಕೊಟ್ಟ ಚಕ್ಲಿ, ಮತ್ತೆ ಇಪ್ಪತ್ತು ಗಂಟೆಯ ಪ್ರಯಾಣ.

"ಚೆಕ್‌ಇನ್ ಬ್ಯಾಗ್‌ಗೆ ಹಾಕಮ್ಮ" ಅಂತೀರಾ? ಪವರ್ ಬ್ಯಾಂಕ್ ಹಾಕೋ ಹಾಗೇ ಇಲ್ಲ. ಬೆಲೆಬಾಳೋ ವಸ್ತು, ಔಷಧಿ, ಮುಖ್ಯ ಕಾಗದ ಎಲ್ಲ ನಿಮ್ಮ ಜೊತೆಗೇ ಇಟ್ಕೊಳ್ಳಿ ಅಂತ ಬುದ್ಧಿ ಹೇಳೋರೂ ಏರ್‌ಲೈನ್‌ನವರೇ. ಕೈಯಲ್ಲಿ ಹಿಡ್ಕೋ ಅನ್ನೋರೂ ಅವರೇ, ಕೈ ಭಾರ ಆಯ್ತು ಅನ್ನೋರೂ ಅವರೇ. ಇದ್ಯಾವ ನ್ಯಾಯ ಗುರೂ?

5/9
ಈ ಸಿಟ್ಟು ವೆಬ್‌ಸೈಟ್ ಓದಿ ಬಂದಿದ್ದಲ್ಲ. ನಮ್ಮ ದೊಡ್ಡಮ್ಮ ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೊರಟಿದ್ರು. ಅರವತ್ತೆರಡು ವರ್ಷ, ಮೊದಲ ವಿಮಾನ, ಜೊತೆಗೆ ಯಾರೂ ಇಲ್ಲ. ನಾವು ಏರ್‌ಪೋರ್ಟ್‌ನ ಗಾಜಿನ ಹೊರಗೆ ನಿಂತಿದ್ವಿ; ಟಿಕೆಟ್ ಇಲ್ಲದವರನ್ನ ಒಳಗೆ ಬಿಡಲ್ವಲ್ಲ.

ಕೌಂಟರ್‌ನಲ್ಲಿ ಕೈಬ್ಯಾಗ್ ತೂಗಿದ್ರು. 9.4 ಕೆಜಿ. ಚೆಕ್‌ಇನ್ ಬ್ಯಾಗ್‌ನಲ್ಲಿ ಜಾಗ ಇರ್ಲಿಲ್ಲ, ಮನೆಯಲ್ಲೇ ಎರಡು ಸಲ ತೂಗಿ ಭರ್ತಿ ಮಾಡಿದ್ವಿ. "ಹೆಚ್ಚಿನ ತೂಕಕ್ಕೆ ದುಡ್ಡು ಕಟ್ಟಿ, ಇಲ್ಲ ತೆಗೀರಿ" ಅಂದ್ರಂತೆ. ಅದೂ ಇಂಗ್ಲಿಷ್‌ನಲ್ಲಿ. ದೊಡ್ಡಮ್ಮ ನೆಲದ ಮೇಲೆ ಕೂತು, ಹಿಂದೆ ಸಾಲು ನಿಂತವರ ಎದುರಿಗೇ ಬ್ಯಾಗ್ ಬಿಚ್ಚಿದ್ರು. ಬಾಗಿಲ ಹತ್ರ ಬಂದು ನಮಗೆ ಒಂದು ಕವರ್ ಕೊಟ್ರು. ಅದರಲ್ಲಿ ಮಗುಗೆ ಅಂತ ಒಗೆದು ಮಡಚಿಟ್ಟಿದ್ದ ಹಳೇ ಕಾಟನ್ ಸೀರೆಗಳು, ಅಂಟಿನುಂಡೆ ಡಬ್ಬಿ.

ಆಮೇಲೆ ಏನು ಮಾಡಿದ್ರು ಗೊತ್ತಾ? ಇನ್ನೂ ಸ್ವಲ್ಪ ಹೆಚ್ಚಿತ್ತು ಅಂತ ಎರಡು ಸ್ವೆಟರ್ ತೆಗೆದು ಮೈಮೇಲೇ ಹಾಕ್ಕೊಂಡ್ರು. ತಕ್ಕಡಿ 7 ತೋರಿಸ್ತು. "ಓಕೆ ಮೇಡಂ."

ಯೋಚನೆ ಮಾಡಿ. ಸ್ವೆಟರ್ ಬ್ಯಾಗಿಂದ ಮೈಗೆ ಬಂತು. ವಿಮಾನ ಹೊತ್ತ ತೂಕದಲ್ಲಿ ಒಂದು ಗ್ರಾಂ ಕಮ್ಮಿ ಆಗ್ಲಿಲ್ಲ. ಕಮ್ಮಿ ಆಗಿದ್ದು ದೊಡ್ಡಮ್ಮನ ಮಾನ. ಅದನ್ನ ಯಾವ ತಕ್ಕಡಿ ತೂಗುತ್ತೆ?

6/9
ಈಗ ಎದುರುವಾದ. ಇದನ್ನ ಬಿಟ್ಟು ಬರೆದ್ರೆ ಮೋಸ ಆಗುತ್ತೆ.

"ಇಂಧನ ಖರ್ಚಾಗುತ್ತೆ." ನಿಜ. 300 ಜನ ತಲಾ 3 ಕೆಜಿ ಹೆಚ್ಚು ತಂದ್ರೆ 900 ಕೆಜಿ. ಅದು ಸಣ್ಣದಲ್ಲ. ಆದ್ರೆ ಸೆಕ್ಯೂರಿಟಿ ದಾಟಿದ ಮೇಲೆ ಡ್ಯೂಟಿ ಫ್ರೀ ಅಂಗಡಿಯಲ್ಲಿ ಬಾಟಲಿ, ಚಾಕೊಲೇಟ್ ತಗೊಂಡ್ರೆ ಆ ಚೀಲವನ್ನ ಎಷ್ಟೋ ಏರ್‌ಲೈನ್‌ಗಳು 7 ಕೆಜಿಯ ಲೆಕ್ಕದಿಂದ ಹೊರಗಿಡುತ್ತವೆ. ಅಂಟಿನುಂಡೆಯ ಕೆಜಿಗೆ ಇಂಧನ ಬೇಕು, ವಿಸ್ಕಿಯ ಕೆಜಿಗೆ ಬೇಡ್ವಾ?

"ಮೇಲಿನ ಲಗೇಜು ಗೂಡಲ್ಲಿ ಜಾಗ ಇಲ್ಲ." ನಿಜ. ಮುಂದೆ ಸೀಟು ಕಮ್ಮಿ, ತಲಾ ಸಿಗೋ ಗೂಡು ಜಾಸ್ತಿ. ಆದ್ರೆ ಜಾಗ ಅಳೆಯೋಕೆ ಸೆಂಟಿಮೀಟರ್ ಇದೆಯಲ್ಲ? ಅಳತೆ ಮೀರಿದ ಬ್ಯಾಗನ್ನ ಧಾರಾಳವಾಗಿ ತಡೀರಿ. ಅದೇ ಅಳತೆಯ ಬ್ಯಾಗ್ 7 ಕೆಜಿ ಇದ್ರೂ, 9 ಕೆಜಿ ಇದ್ರೂ ಹಿಡಿಯೋ ಜಾಗ ಒಂದೇ.

"ತಲೆ ಮೇಲೆ ಬಿದ್ರೆ ಪೆಟ್ಟಾಗುತ್ತೆ, ಸಿಬ್ಬಂದಿಗೆ ಎತ್ತಿ ಎತ್ತಿ ಬೆನ್ನು ಹೋಗುತ್ತೆ." ಇದು ಗಟ್ಟಿ ವಾದ, ಇದಕ್ಕೆ ತಲೆಬಾಗ್ತೀನಿ. ಹಾಗಾದ್ರೆ ಎಲ್ಲರಿಗೂ ಒಂದೇ ಮಿತಿ ಇಡಿ. ಬಿಸಿನೆಸ್ ಕ್ಲಾಸ್‌ನ 10 ಕೆಜಿ ಬ್ಯಾಗ್ ಬಿದ್ರೆ ಹೂವು ಬಿದ್ದ ಹಾಗಾಗುತ್ತಾ?

7/9
ಹಾಗಾದ್ರೆ ಈ ತೂಕ ಯಾಕಿಷ್ಟು ಮುಖ್ಯ ಆಯ್ತು? ಕಾಮರ್ಸ್ ಸ್ಟೂಡೆಂಟ್ಸ್ ಗಮನಿಸಿ.

ಏರ್‌ಲೈನ್‌ಗೆ ಎರಡು ಆದಾಯ. ಒಂದು ಟಿಕೆಟ್, ಇನ್ನೊಂದು ಆನ್ಸಿಲರಿ ರೆವೆನ್ಯೂ. ಅಂದ್ರೆ ಸೀಟು ಆಯ್ಕೆ, ಊಟ, ಬ್ಯಾಗು ಇವನ್ನೆಲ್ಲ ಟಿಕೆಟ್‌ನಿಂದ ಬಿಡಿಸಿ ಬೇರೆ ಬೇರೆ ಮಾರೋದು. 2008ರಲ್ಲಿ ಅಮೆರಿಕನ್ ಏರ್‌ಲೈನ್ಸ್ ದೇಶದೊಳಗಿನ ಪ್ರಯಾಣದ ಮೊದಲ ಚೆಕ್‌ಇನ್ ಬ್ಯಾಗ್‌ಗೇ 15 ಡಾಲರ್ ಹಾಕಿತು. ಜನ ಏನು ಮಾಡಿದ್ರು? ಎಲ್ಲವನ್ನೂ ಕೈಬ್ಯಾಗ್‌ಗೆ ತುಂಬಿದ್ರು. ಗೂಡುಗಳು ತುಂಬಿದ್ವು. 2010ರಲ್ಲಿ ಸ್ಪಿರಿಟ್ ಅನ್ನೋ ಕಂಪನಿ ಗೂಡಲ್ಲಿಡೋ ಕೈಬ್ಯಾಗ್‌ಗೂ ದರ ಹಾಕಿತು. ಸಮಸ್ಯೆ ಹುಟ್ಟಿಸಿದ್ದೂ ದರ, ಅದಕ್ಕೆ ಮದ್ದು ಅಂತ ಬಂದಿದ್ದೂ ದರ.

ಇದನ್ನ ಪ್ರಶ್ನೆ ಮಾಡಿದವರಿದ್ದಾರೆ. ಸ್ಪೇನ್‌ನ ವ್ಯುಯೆಲಿಂಗ್ ಕಂಪನಿಯ ಪ್ರಕರಣದಲ್ಲಿ ಯುರೋಪಿಯನ್ ಯೂನಿಯನ್ ಕೋರ್ಟ್ 2014ರಲ್ಲಿ ಹೇಳಿತು: ಸಮಂಜಸವಾದ ತೂಕ, ಅಳತೆಯ ಕೈಬ್ಯಾಗ್ ಪ್ರಯಾಣದ ಅಗತ್ಯ ಭಾಗ, ಅದಕ್ಕೆ ಪ್ರತ್ಯೇಕ ದರ ಹಾಕುವಂತಿಲ್ಲ. 2024ರಲ್ಲಿ ಸ್ಪೇನ್ ಸರ್ಕಾರ ಕೈಬ್ಯಾಗ್ ದರವೂ ಸೇರಿ ಹಲವು ತಪ್ಪುಗಳಿಗಾಗಿ ಐದು ಏರ್‌ಲೈನ್‌ಗಳಿಗೆ ಒಟ್ಟು 179 ಮಿಲಿಯನ್ ಯೂರೋ ದಂಡ ಹಾಕಿತು.

ಏರ್‌ಲೈನ್‌ಗಳ ಒಕ್ಕೂಟ ಐಎಟಿಎ ಕೂಡ 2015ರಲ್ಲಿ ಜಗತ್ತಿಗೆಲ್ಲ ಒಂದೇ ಅಳತೆ ಅಂತ 55 × 35 × 20 ಸೆಂ.ಮೀ. ಸೂಚಿಸಿತ್ತು. "ನಮ್ಮ ಈಗಿನ ಬ್ಯಾಗ್‌ಗಿಂತ ಚಿಕ್ಕದು, ಎಲ್ಲರೂ ಹೊಸದು ಕೊಳ್ಳಬೇಕಾ?" ಅಂತ ಜನ ಕೂಗಾಡಿದ ಮೇಲೆ ಕೆಲವೇ ದಿನಗಳಲ್ಲಿ ನಿಲ್ಲಿಸಿತು. ಅಂದ್ರೆ ಕೂಗಿದ್ರೆ ಕೇಳಿಸುತ್ತೆ. ನಾವಿನ್ನೂ ಕೂಗಿಲ್ಲ, ಅಷ್ಟೇ.

8/9
ಬರೀ ಬೈದ್ರೆ ಆಗಲ್ಲ, ಬೇಕಿರೋದೇನು ಅಂತಾನೂ ಹೇಳ್ಬೇಕು. ವಿಮಾನ ಕಂಪನಿಗಳ ಮೇಲಿನ ನಿಯಂತ್ರಣ ಡಿಜಿಸಿಎ ಕೈಯಲ್ಲಿದೆ. ಭಾರತದಿಂದ ಹೊರಡೋ ದೂರದ ವಿಮಾನಗಳಿಗೆ ಅದು ಇಷ್ಟು ಮಾಡಲಿ:

ಒಂದು, ಯಾವ ಕ್ಲಾಸ್ ಆದ್ರೂ 10 ಕೆಜಿ. ಮುಂದಿನವರಿಗೆ ಈಗಾಗಲೇ ಕೊಟ್ಟಿರೋದನ್ನೇ ಕೇಳ್ತಿದ್ದೀವಿ.
ಎರಡು, ಔಷಧಿ ಮತ್ತು ಕಾಗದಪತ್ರ ತೂಕದ ಲೆಕ್ಕಕ್ಕೆ ಬರಬಾರದು.
ಮೂರು, ಟಿಕೆಟ್ ಮೇಲೆ ಈ ಮಿತಿ ದಪ್ಪಕ್ಷರದಲ್ಲಿ ಇರಬೇಕು. ಬೆಂಗಳೂರು, ಮಂಗಳೂರಿಂದ ಹೊರಡೋ ಟಿಕೆಟ್‌ನಲ್ಲಿ ಕನ್ನಡದಲ್ಲೂ ಇರಬೇಕು. ಟಿಕೆಟ್ ಒಂದು ಕಂಪನಿಯದು, ವಿಮಾನ ಇನ್ನೊಂದರದು ಆಗಿರುತ್ತಲ್ಲ, ಆಗ ಯಾರ ಮಿತಿ ಅನ್ನೋದನ್ನೂ ಬರೀಬೇಕು.
ನಾಲ್ಕು, ಕೌಂಟರ್‌ಗೆ ಮೊದಲೇ ಎಲ್ಲರೂ ಬಳಸೋ ತಕ್ಕಡಿ ಮತ್ತು ಬ್ಯಾಗ್ ಬಿಚ್ಚೋಕೆ ಒಂದು ಮೇಜು ಇರಬೇಕು. ಯಾರ ಅಮ್ಮನೂ ನೆಲದ ಮೇಲೆ ಕೂತು ಸೀರೆ ಹರಡೋ ಹಾಗಾಗಬಾರದು.
ಐದು, ತೂಗೋದಾದ್ರೆ ಎಲ್ಲರದ್ದೂ ತೂಗಿ. ಮುಖ ನೋಡಿ, ಇಂಗ್ಲಿಷ್ ಕೇಳಿ ಆರಿಸಬೇಡಿ.

9/9
ಇದೆಲ್ಲ ಆಗೋವರೆಗೆ ನಮ್ಮ ಕೈಲಾಗೋದು. ಈ ಪೋಸ್ಟ್ ಸೇವ್ ಮಾಡ್ಕೊಳ್ಳಿ.

ಕೊಕ್ಕೆ ಥರದ ಲಗೇಜ್ ತಕ್ಕಡಿ ಒಂದು ಮನೇಲಿರಲಿ. ಗಟ್ಟಿ ಟ್ರಾಲಿ ಬದಲು ಬಟ್ಟೆಯ ಬ್ಯಾಕ್‌ಪ್ಯಾಕ್ ತಗೊಂಡ್ರೆ ಖಾಲಿ ತೂಕದಲ್ಲೇ ಒಂದೂವರೆ ಕೆಜಿ ಉಳಿಯಬಹುದು.

ವಿಮಾನದ ಬಾಗಿಲಲ್ಲಿ ನಿಮ್ಮ ಕೈಬ್ಯಾಗ್ ತಗೊಂಡು ಕೆಳಗೆ ಹಾಕ್ತೀವಿ ಅಂದ್ರೆ ಅವಸರ ಬೀಳಬೇಡಿ. ಪವರ್ ಬ್ಯಾಂಕ್, ಪಾಸ್‌ಪೋರ್ಟ್, ಲ್ಯಾಪ್‌ಟಾಪ್, ಮಾತ್ರೆ, ಒಡವೆ ತೆಗೆದುಕೊಂಡೇ ಕೊಡಿ, ಟ್ಯಾಗ್ ಕೇಳಿ ಇಸ್ಕೊಳ್ಳಿ. ಭಾರತವೂ ಸೇರಿರೋ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಚೆಕ್‌ಇನ್ ಬ್ಯಾಗ್‌ಗೆ ಹಾನಿಯಾದ್ರೆ ಕೈಸೇರಿದ 7 ದಿನದೊಳಗೆ, ತಡವಾಗಿ ಬಂದ್ರೆ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ಅದು ದಾಟಿದ್ರೆ ಹಕ್ಕು ಕೈಬಿಟ್ಟ ಹಾಗೇ.

ಏನಾದ್ರೂ ಅನ್ಯಾಯ ಆದ್ರೆ ಸ್ಟೋರಿ ಹಾಕಿ ಸುಮ್ಮನಾಗಬೇಡಿ. ವಿಮಾನಯಾನ ಸಚಿವಾಲಯದ ಏರ್‌ಸೇವಾ ಆ್ಯಪ್‌ನಲ್ಲಿ ದೂರು ಹಾಕಿ. ಸ್ಟೋರಿ 24 ಗಂಟೆಗೆ ಮಾಯ ಆಗುತ್ತೆ, ದೂರಿಗೆ ಒಂದು ನಂಬರ್ ಇರುತ್ತೆ.

ಕಾಮೆಂಟ್‌ನಲ್ಲಿ ಬರೀರಿ: ನಿಮ್ಮ ಮನೆಯವರು ಕೌಂಟರ್‌ನಲ್ಲಿ ಏನನ್ನ ಬಿಟ್ಟು ಹೋಗಬೇಕಾಯ್ತು? ಉಪ್ಪಿನಕಾಯಿಯೋ, ಪುಸ್ತಕವೋ, ಮೊಮ್ಮಗುವಿನ ಕುಲಾವಿಯೋ? ಆ ಪಟ್ಟಿಯನ್ನ ಹಾಗೇ ಡಿಜಿಸಿಎಗೆ ಕಳಿಸೋಣ. ಅವರೂ ಒಮ್ಮೆ ತೂಗಿ ನೋಡಲಿ.

#ಏಳುಕೆಜಿಯಾರಲೆಕ್ಕ #ಎಲ್ಲರಿಗೂಒಂದೇತಕ್ಕಡಿ #ಕನ್ನಡದಲ್ಲಿಟಿಕೆಟ್