ಲೇಸರ್ ಚಿಕ್ಕದಾದರೆ ಸಾಲದು

‘ಜಗತ್ತಿನ ಅತಿ ಚಿಕ್ಕ ಲೇಸರ್’ ಸಿದ್ಧವಾಯಿತೆಂಬ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಸುದ್ದಿ ಸುಳ್ಳಲ್ಲ. ಆದರೆ ಆ ಲೇಸರ್ ಎಂಥ ಚಳಿಯಲ್ಲಿ, ಎಷ್ಟು ಹೊತ್ತು, ಯಾವುದರ ಬಲದಿಂದ ಬೆಳಗಿತು ಎಂಬ ವಿವರ ಮಾತ್ರ ಎಲ್ಲೋ ಕಳೆದುಹೋಗಿರುತ್ತದೆ. ನಿಜವಾದ ಕಷ್ಟ ಇರುವುದೇ ಅಲ್ಲಿ.

ಲೇಸರ್‌ನೊಳಗೆ ಬೆಳಕನ್ನು ಹಿಗ್ಗಿಸುವ ವಸ್ತುವೊಂದಿದ್ದು, ಕನ್ನಡಿಗಳು ಆ ಬೆಳಕನ್ನು ಅದರ ಮೂಲಕ ಮತ್ತೆ ಮತ್ತೆ ಓಡಾಡಿಸುತ್ತವೆ. ಪ್ರತಿ ಸುತ್ತಿನಲ್ಲೂ ಬೆಳಕು ಒಂದಿಷ್ಟು ಬೆಳೆಯುತ್ತದೆ, ಒಂದಿಷ್ಟು ಸೋರುತ್ತದೆ. ತೂತು ಕೊಡಕ್ಕೆ ನೀರು ಹೊಯ್ದ ಹಾಗೆ: ಸೋರುವುದಕ್ಕಿಂತ ಸುರಿಯುವುದು ಹೆಚ್ಚಾದರೆ ಮಾತ್ರ ಕೊಡ ತುಂಬೀತು. ಲೇಸರ್ ಕಿರಿದಾದಷ್ಟೂ ಬೆಳಕು ಬೆಳೆಯುವ ಹಾದಿ ಮೊಟಕಾಗುತ್ತದೆ. ಕನ್ನಡಿಯಲ್ಲಾಗುವ ನಷ್ಟ ಹಾಗೆಯೇ ಉಳಿಯುತ್ತದೆ. ಸಾಲದ್ದಕ್ಕೆ, ವಸ್ತುವಿನೊಳಗಿನ ತರಂಗಾಂತರದ ಸುಮಾರು ಅರ್ಧಕ್ಕಿಂತ ಇಕ್ಕಟ್ಟಾದ ಜಾಗದಲ್ಲಿ ಸಾಮಾನ್ಯ ಕನ್ನಡಿಗಳಿಂದ ಬೆಳಕನ್ನು ಹಿಡಿದಿಡಲಾಗದು.

2003ರಲ್ಲಿ ಭೌತವಿಜ್ಞಾನಿಗಳಾದ ಡೇವಿಡ್ ಬರ್ಗ್‌ಮನ್ ಮತ್ತು ಮಾರ್ಕ್ ಸ್ಟಾಕ್‌ಮನ್ ಇದಕ್ಕೊಂದು ಉಪಾಯ ಸೂಚಿಸಿದರು. ಚಿನ್ನ, ಬೆಳ್ಳಿಯಂಥ ಲೋಹದ ಮೇಲ್ಮೈಯಲ್ಲಿ ಬೆಳಕು ಎಲೆಕ್ಟ್ರಾನ್‌ಗಳ ಜೊತೆಗೂಡಿ ಅಲೆಯಾಗಿ ಸಾಗಬಲ್ಲದು. ಹಾಗೆ ಬೆರೆತ ಅಲೆ ಬರೀ ಬೆಳಕಿಗಿಂತ ಎಷ್ಟೋ ಕಿರಿದಾದ ಜಾಗದಲ್ಲಿ ಹಿಡಿಸುತ್ತದೆ. 2009ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಷಿಯಾಂಗ್ ಜಾಂಗ್ ತಂಡ ಇದನ್ನು ಮಾಡಿ ತೋರಿಸಿತು. ಬೆಳ್ಳಿಯ ಹಾಳೆ, ಅದರ ಮೇಲೆ ಬರೀ 5 ನ್ಯಾನೊಮೀಟರ್ ದಪ್ಪದ ಮೆಗ್ನೀಸಿಯಂ ಫ್ಲೋರೈಡ್ ಪದರ, ಅದರ ಮೇಲೆ ಬೆಳಕನ್ನು ಹಿಗ್ಗಿಸುವ ಕ್ಯಾಡ್ಮಿಯಂ ಸಲ್ಫೈಡ್ ಎಂಬ ಅರೆವಾಹಕದ ತಂತು. ಬೆಳಕು ಆ 5 ನ್ಯಾನೊಮೀಟರ್ ಸಂದಿಯಲ್ಲಿ ಇಡಿಕಿರಿಯಿತು. ಆದರೆ ಪ್ರಯೋಗ ನಡೆದದ್ದು ಮೈನಸ್ 260 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯಲ್ಲಿ.

ಅಷ್ಟು ಚಳಿ ಯಾಕೆ? ಲೋಹ ಬೆಳಕನ್ನು ಹಿಡಿಯುವುದರ ಜೊತೆಗೆ ನುಂಗಿ ಶಾಖವಾಗಿಸುತ್ತದೆ; ಬಿಸಿಯೇರಿದಂತೆ ಈ ನುಂಗುವಿಕೆ ಹೆಚ್ಚುತ್ತದೆ. ಅತ್ತ ಅರೆವಾಹಕದೊಳಗಿನ ಎಲೆಕ್ಟ್ರಾನ್‌ಗಳು ಬಿಸಿಯಲ್ಲಿ ಬೇರೆ ಬೇರೆ ಶಕ್ತಿಮಟ್ಟಗಳಿಗೆ ಚದುರುವುದರಿಂದ ಒಂದೇ ಬಣ್ಣದ ಬೆಳಕಿಗೆ ಬಲ ಸಾಲದಾಗುತ್ತದೆ. ವಸ್ತು ಕಿರಿದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು. ಅಲ್ಲಿನ ದೋಷಗಳಿಗೆ ಸಿಕ್ಕ ಎಲೆಕ್ಟ್ರಾನ್ ಬೆಳಕು ಕೊಡದೆಯೇ ಶಕ್ತಿ ಕಳೆದುಕೊಳ್ಳುತ್ತದೆ.

2011ರಲ್ಲಿ ಜಾಂಗ್ ತಂಡವೇ ತಂತುವಿನ ಬದಲು 45 ನ್ಯಾನೊಮೀಟರ್ ದಪ್ಪದ ಚೌಕಾಕಾರದ ತುಣುಕನ್ನು ಬಳಸಿತು. ಅದರ ಅಂಚಿಗೆ ಬಡಿದ ಅಲೆ ಹೊರಗೆ ಸೋರದೆ ಒಳಕ್ಕೇ ಮರಳಿತು. ಸೋರಿಕೆ ತಗ್ಗಿದ್ದೇ ತಡ, ಲೇಸರ್ ಸಾಮಾನ್ಯ ಕೋಣೆಯ ಉಷ್ಣಾಂಶದಲ್ಲೇ ಬೆಳಗಿತು. ದೊಡ್ಡ ಸಾಧನೆಯೇ. ಆದರೂ ಅದನ್ನು ಬೆಳಗಿಸಲು ಹೊರಗಿನಿಂದ ಇನ್ನೊಂದು ಲೇಸರ್‌ನ ಮಿಡಿತಗಳು ಬೇಕಿದ್ದವು. ಒಂದು ಲೇಸರ್ ಉರಿಸಲು ಇನ್ನೊಂದು ದೊಡ್ಡ ಲೇಸರ್ ಇಟ್ಟುಕೊಂಡು, ಇಂಥ ಪುಟ್ಟ ಲೇಸರ್ ಸೇರಬೇಕಾದ ಕಂಪ್ಯೂಟರ್ ಚಿಪ್ ಕಟ್ಟಲಾದೀತೇ?

ಹಾಗಾಗಿ 2013ರಲ್ಲಿ ಅರಿಜೋನಾದ ಕುನ್-ಜೆಂಗ್ ನಿಂಗ್ ಮತ್ತು ಸಂಗಡಿಗರು ವರದಿ ಮಾಡಿದ ಬೆಳ್ಳಿ ಹೊದಿಕೆಯ ಲೇಸರ್ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಗಾತ್ರದಲ್ಲಿ ಅದು ದಾಖಲೆ ವೀರನೇನಲ್ಲ. ಆದರೆ ಕೋಣೆಯ ಉಷ್ಣಾಂಶದಲ್ಲಿ, ವಿದ್ಯುತ್ ಹರಿಸಿದರೆ ಸಾಕು, ಮಿಣುಕದೆ ಸತತವಾಗಿ ಬೆಳಗಿತು.

ಅರೆವಾಹಕ ಲೇಸರ್‌ಗಳ ಇತಿಹಾಸವೂ ಇದೇ ಹಾದಿಯದು. 1962ರ ಮೊದಲ ಡಯೋಡ್ ಲೇಸರ್‌ಗೆ ದ್ರವ ಸಾರಜನಕದ ತಂಪು ಬೇಕಿತ್ತು. 1970ರಲ್ಲಿ ಲೆನಿನ್‌ಗ್ರಾಡ್‌ನ ಜೋರೆಸ್ ಅಲ್ಫೆರೊವ್ ತಂಡ, ಬೆಲ್ ಲ್ಯಾಬ್ಸ್‌ನ ಹಯಾಶಿ ಮತ್ತು ಪ್ಯಾನಿಷ್ ಇಂಥ ಲೇಸರ್‌ಗಳನ್ನು ಕೋಣೆಯ ಉಷ್ಣಾಂಶದಲ್ಲಿ ಸತತವಾಗಿ ಬೆಳಗಿಸಿದರು. ಆಗಲೂ ಅವುಗಳ ಆಯುಸ್ಸು ತೀರಾ ಕಡಿಮೆ. ಅರೆವಾಹಕದ ಹರಳಿನ ದೋಷಗಳನ್ನು ಒಂದೊಂದಾಗಿ ಹುಡುಕಿ ತೆಗೆದ ಮೇಲಷ್ಟೇ ಆಪ್ಟಿಕಲ್ ಫೈಬರ್ ಜಾಲ, ಸಿಡಿ ಪ್ಲೇಯರ್ ಬಂದವು.

ಚಿಪ್‌ನೊಳಗೆ ತಾಮ್ರದ ತಂತಿ ಮಾಡುವ ಕೆಲಸವನ್ನು ಬೆಳಕಿಗೆ ಒಪ್ಪಿಸುವುದೇ ಇಷ್ಟೆಲ್ಲದರ ಗುರಿ. ಬಿಸಿಯೇರಿದ ಚಿಪ್‌ನಲ್ಲಿ ವರ್ಷಗಟ್ಟಲೆ ಕೆಡದೆ ನಡೆಯದ ಲೇಸರ್ ಎಷ್ಟೇ ಚಿಕ್ಕದಿದ್ದರೂ ಅಲ್ಲಿ ಕೆಲಸಕ್ಕೆ ಬಾರದು. ಲೋಹದ ನ್ಯಾನೊ ಲೇಸರ್‌ಗಳು ಇನ್ನೂ ಪ್ರಯೋಗಾಲಯ ಬಿಟ್ಟು ಹೊರಬಂದಿಲ್ಲ.